ಹಾಸನದ ಮಾತ್ರೆ, ನಮ್ಮ ಡಾಕ್ಟ್ರ ಮಾತ್ರೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಯಾವ ಡಾಕ್ಟರನ್ನೂ ಬೈಯಬಾರದು. ನನಗೆ ಕೊಟ್ಟ ಮಾತ್ರೆಗಳಲ್ಲಿ ಒಂದೂ ತಪ್ಪು ಮಾತ್ರೆ ಇರಲಿಲ್ಲ. ಸೊಂಟಕ್ಕೆ ಕೊಟ್ಟವರು ಸರಿಯಾಗಿಯೇ ಕೊಟ್ಟಿದ್ದರು, ಉರಿಮೂತ್ರಕ್ಕೆ ಕೊಟ್ಟವರೂ ಸರಿಯಾಗಿಯೇ ಕೊಟ್ಟಿದ್ದರು. ನಾನು ಕೂಡ ಹೊತ್ತು ಹೊತ್ತಿಗೆ, ಊಟವಾದ ಮೇಲೆ, ಒಂದೂ ತಪ್ಪಿಸದೆ ನುಂಗಿದ್ದೆ. ಆದರೂ ಒಂದು ಬೆಳಿಗ್ಗೆ ಕಾಫಿ ಸಸಿಗಳ ನಡುವೆ ಬಿದ್ದು ಸಾಯುವ ಹಂತಕ್ಕೆ ಹೋಗಿದ್ದೆ.

ನಮ್ಮದು ಪಾಳ್ಯದಿಂದ ಸ್ವಲ್ಪ ಒಳಗಿರುವ ಊರು. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ, ಅದರ ಜೊತೆಗೆ ನನ್ನದೊಂದು ನರ್ಸರಿ. ಕಾಫಿ ಸಸಿ, ಮೆಣಸಿನ ಬಳ್ಳಿ ಬೆಳೆಸಿ ಸುತ್ತಲಿನ ಎಸ್ಟೇಟುಗಳಿಗೆ ಮಾರುತ್ತೇನೆ. ನಮ್ಮ ಯಜಮಾನರ ಹೆಸರು ಲೋಕೇಶ. ತೋಟ, ಗದ್ದೆ ಅವರದು, ನರ್ಸರಿಯಲ್ಲಿ ಮಾತ್ರ ನನ್ನದೇ ಕಾರುಬಾರು. ನನ್ನ ಗಂಟಲು ಎಂಥದ್ದು ಅಂದರೆ, ಮೇಲಿನ ರಸ್ತೆಯಲ್ಲಿ ಹೋಗುವ ಪಿಕಪ್ಪಿನವನನ್ನು ಕೆಳಗಿನಿಂದಲೇ ಕೂಗಿ ನಿಲ್ಲಿಸುತ್ತೇನೆ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ನಾನು ಬಾಯಿ ಮುಚ್ಚಿಕೊಂಡು ಕೂತ ಪ್ರಸಂಗ ಬರುತ್ತದೆ, ಆಗ ನನ್ನನ್ನು ಸಾಧು ಹೆಂಗಸು ಅಂದುಕೊಳ್ಳಬೇಡಿ.

ಪ್ಯಾಕೆಟ್ ತುಂಬುವ ಕೆಲಸ ಪೂರ್ತಿ ಸೊಂಟದ ಮೇಲೆಯೇ ನಡೆಯುವುದು. ಕಾಡುಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು ಬೆರೆಸಿ, ಜರಡಿ ಹಿಡಿದು, ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ತುಂಬಿ ಸಾಲಾಗಿ ನಿಲ್ಲಿಸಬೇಕು. ಬೆಳಿಗ್ಗೆ ಬಗ್ಗಿದವರು ಊಟದ ಹೊತ್ತಿಗೇ ನೆಟ್ಟಗಾಗುವುದು. ಒಂದು ದಿನ ತುಂಬಿದ ಕ್ರೇಟ್ ಒಂದನ್ನು ಎತ್ತಿ ತಿರುಗಿದೆ ನೋಡಿ, ಸೊಂಟದಲ್ಲಿ ಏನೋ ಹಿಡಿದುಕೊಂಡಿತು. ಹಿಡಿದದ್ದು ಬಿಡಲೇ ಇಲ್ಲ. ಬಗ್ಗಿದವಳು ಬಗ್ಗಿದ ಹಾಗೇ ನಿಂತೆ.

"ಏನ್ ಹುಡುಕ್ತಿದ್ದೀಯೆ ನೆಲ್ದಲ್ಲಿ?" ಅಂತ ಯಜಮಾನರು ನಗುತ್ತಾ ಬಂದರು. ನನ್ನ ಮುಖ ನೋಡಿದ ಮೇಲೆ ಅವರ ನಗು ನಿಂತಿತು.

ನಮ್ಮ ಕಡೆ ಒಬ್ಬರು ವಯಸ್ಸಾದ ಡಾಕ್ಟರಿದ್ದಾರೆ. ಊರವರ ಬಾಯಲ್ಲಿ ಅವರಿಗೆ ಹೆಸರೇ ಇಲ್ಲ, 'ನಮ್ಮ ಡಾಕ್ಟ್ರು' ಅಷ್ಟೆ. ನನ್ನ ಅತ್ತೆಯ ಕೊನೆಗಾಲದಲ್ಲಿ ದಿನಾ ಮನೆಗೆ ಬಂದು, ಹತ್ತಿರ ಕೂತು, ಕೈ ಹಿಡಿದು ಮಾತಾಡಿ ಹೋದವರು. ಹೊಸ ಅಕ್ಕಿಯಾಗಲಿ, ಒಳ್ಳೆ ಹಲಸಾಗಲಿ, ಅವರ ಮನೆಗೆ ಹೋದ ಮೇಲೆಯೇ ನಮ್ಮ ಒಲೆಯ ಹತ್ತಿರ ಬರುವುದು. ಅಂಥವರನ್ನು ಬಿಟ್ಟು ಇನ್ನೊಬ್ಬರಿಗೆ ತೋರಿಸುವುದೆಂದರೆ ನಮ್ಮ ಕಡೆಯವರಿಗೆ ಬಹಳ ಸಂಕೋಚ. ತೋರಿಸುವುದಿಲ್ಲ ಅಂತಲ್ಲ, ಎಲ್ಲರೂ ತೋರಿಸುತ್ತಾರೆ. ಹೇಳುವುದಿಲ್ಲ. ಹಾಸನದ ಬಸ್ಸಿಗೆ ಕಾಯುವಾಗ ಡಾಕ್ಟ್ರು ಎದುರಾದರೆ "ನೆಂಟ್ರ ಮನೇಲಿ ಫಂಕ್ಷನ್ ಐತೆ" ಅಂದುಬಿಡುತ್ತಾರೆ. ಡಾಕ್ಟ್ರು "ಹೋಗ್ಬನ್ನಿ" ಅನ್ನುತ್ತಾರೆ.

ನಾವೂ ಹಾಗೆಯೇ ಹೋದೆವು. ಸ್ಕ್ಯಾನ್ ಬೇಕಾಗಬಹುದು, ಹಾಸನವೇ ಸರಿ ಅಂತ ಯಜಮಾನರು ಕಾರು ಗೊತ್ತುಮಾಡಿದರು. ಮೂಳೆ ಡಾಕ್ಟರ ಕೋಣೆಯ ಮುಂದೆ ಕಾಲಿಡಲು ಜಾಗವಿಲ್ಲ. ಕೂರಲೂ ಆಗದೆ, ನಿಲ್ಲಲೂ ಆಗದೆ ನಾನು ಗೋಡೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದೆ. ಮಗ್ಗೆ ಕಡೆಯ ಅಜ್ಜಿಯೊಬ್ಬರು, ಕೈಗೆ ಪಟ್ಟಿ ಹಾಕಿಸಿಕೊಂಡವರು, "ಬಾ ಮಗಾ, ಮಲಿಕ್ಕೊ" ಅಂತ ತಮ್ಮ ಕಡೆಯವರನ್ನೆಲ್ಲ ಬೈದು ಎಬ್ಬಿಸಿ ಒಂದು ಬೆಂಚು ಪೂರ್ತಿ ಖಾಲಿ ಮಾಡಿಸಿದರು. ಆ ತಾಯಿಯ ಹೆಸರು ಕೇಳುವಷ್ಟು ಎಚ್ಚರ ನನಗಿರಲಿಲ್ಲ.

ಡಿಸ್ಕ್ ಸ್ವಲ್ಪ ಜಾರಿದೆ, ಸುತ್ತಲಿನ ಮಾಂಸಖಂಡ ಬಿಗಿ ಹಿಡಿದಿದೆ ಅಂದರು. ಆಪರೇಷನ್ ಬೇಡ ಅಂದದ್ದೊಂದೇ ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು. ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಬೆಲ್ಟ್ ಕೊಟ್ಟರು, ಬಿಗಿ ಸಡಿಲಾಗುವುದಕ್ಕೆ ಟೈಜಾನಿಡಿನ್ ಅಂತ ಒಂದು ಸಣ್ಣ ಬಿಳಿ ಮಾತ್ರೆ ಬರೆದರು. "ನಿದ್ದೆ ಬರುತ್ತೆ, ಬಾಯಿ ಒಣಗುತ್ತೆ. ಮಲಗಿದ್ದೋರು ದಡಕ್ಕನೆ ಏಳ್ಬೇಡಿ, ತಲೆ ಸುತ್ತುತ್ತೆ. ನೀವೇ ಜಾಸ್ತಿ ಮಾಡ್ಬೇಡಿ, ನೀವೇ ನಿಲ್ಲಿಸ್ಲೂಬೇಡಿ. ಬೇರೆ ಯಾವ ಡಾಕ್ಟ್ರ ಹತ್ರ ಹೋದ್ರೂ ಇದನ್ನ ತಗೊಳ್ತಿದ್ದೀನಿ ಅಂತ ಹೇಳಿ," ಅಂದರು.

ಕೊನೆಯದೊಂದನ್ನು ಬಿಟ್ಟು ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದೆವು. ಏಳುವ ಮುಂಚೆ ಮಂಚದ ಅಂಚಿಗೆ ಕೂತು ಸುಧಾರಿಸಿಕೊಂಡು ಏಳುತ್ತಿದ್ದೆ. ಸ್ಕೂಟರ್ ಕೀಲಿಯನ್ನು ಯಜಮಾನರು ತೆಗೆದು ಇಟ್ಟುಕೊಂಡರು. ಆ ಮಾತ್ರೆ ನನಗೆ ದೇವರ ಪ್ರಸಾದದ ಹಾಗೆ ಕಂಡಿತು, ಸುಳ್ಳು ಯಾಕೆ ಹೇಳಲಿ. ಮಗ್ಗುಲು ಬದಲಿಸಲು ಆಗದಿದ್ದವಳು ದಿನೇ ದಿನೇ ನೆಟ್ಟಗಾದೆ. ಮೆಲ್ಲಗೆ ನರ್ಸರಿಗೂ ಹೋಗಿ ಸ್ಟೂಲ್ ಹಾಕಿಕೊಂಡು ಕೂತು ಎಲ್ಲರ ಮೇಲೂ ರೇಗಲು ಶುರುಮಾಡಿದೆ.

ಇನ್ನೇನು ಸರಿಹೋಯಿತು ಅನ್ನುವಾಗ ಇನ್ನೊಂದು ಶುರುವಾಯಿತು. ಬಿಸಿಲಲ್ಲಿ ನೀರು ಕುಡಿಯದೆ ಕೂತದ್ದಕ್ಕೋ ಏನೋ, ಮೂತ್ರಕ್ಕೆ ಹೋದರೆ ಬೆಂಕಿ. ಜೊತೆಗೆ ಚಳಿಜ್ವರ. ಇಷ್ಟಕ್ಕೆಲ್ಲ ಹಾಸನ ಯಾಕೆ, ನಮ್ಮ ಡಾಕ್ಟ್ರ ಹತ್ತಿರ ಹೋದರಾಯಿತು ಅಂತ ಹೊರಟೆವು. ಕ್ಲಿನಿಕ್ಕಿನ ಮೆಟ್ಟಿಲ ಹತ್ತಿರ ಯಜಮಾನರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಹಾಸನದ್ ವಿಷ್ಯ ಬಾಯ್ ಬಿಡ್ಬೇಡ ಕಣೆ. ಪಾಪ, ಅವ್ರಿಗೆ ಬೇಜಾರಾಗ್ತದೆ."

"ನಾನ್ಯಾಕ್ ಹೇಳ್ಲಿ," ಅಂದೆ.

ಒಳಗೆ ಮಾತೆಲ್ಲ ಯಜಮಾನರದೇ. ಹೆಂಗಸರ ಇಂಥ ಕಾಯಿಲೆಯನ್ನು ಆ ಹಿರಿಯರ ಮುಂದೆ ನಾನು ಹೇಗೆ ಹೇಳುವುದು? ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ. ಹತ್ತು ಜನ ಹೆಂಗಸರನ್ನು ಗದರಿಸಿ ಕೆಲಸ ಮಾಡಿಸುವ ನಾನು! ನನ್ನ ಮೂತ್ರ ಉರಿಯುವುದನ್ನು ನನ್ನ ಗಂಡ ಹೇಳಿದರು, ನನಗೆ ಜ್ವರ ಬಂದದ್ದನ್ನೂ ಅವರೇ ಹೇಳಿದರು. ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡಿದರು. ಬರೆಯುವ ಮುಂಚೆ ತಲೆ ಎತ್ತಿ ಕೇಳಿದರು.

"ಬೇರೆ ಏನೂ ಮಾತ್ರೆ ತಗೊಳ್ತಿಲ್ಲ ತಾನೆ?"

"ಎಲ್ಲಿಂದ ತಗೊಳ್ತಾಳೆ ಡಾಕ್ಟ್ರೇ, ನೀವು ಕೊಟ್ಟಿದ್ರೆ ತಾನೆ!" ಅಂದರು ಯಜಮಾನರು. ಎಲ್ಲರೂ ನಕ್ಕೆವು. ಡಾಕ್ಟ್ರು ಸೋಂಕಿಗೆ ಸಿಪ್ರೋಫ್ಲಾಕ್ಸಸಿನ್ ಅಂತ ಒಂದು ಮಾತ್ರೆ ಬರೆದರು, ನೀರು ಜಾಸ್ತಿ ಕುಡಿಯಮ್ಮ ಅಂದರು.

ಸಂಜೆ ಒಂದು ನುಂಗಿದೆ. ಮಲಗುವಾಗ ಸೊಂಟದ್ದೂ ನುಂಗಿದೆ. ಬೆಳಿಗ್ಗೆ ಎದ್ದರೆ ಮನೆಯೆಲ್ಲ ತೇಲುತ್ತಿತ್ತು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಜ್ವರದ ನಿಶ್ಶಕ್ತಿ ಅಂದುಕೊಂಡು ತಿಂಡಿ ತಿಂದು ಎರಡನ್ನೂ ಮತ್ತೆ ನುಂಗಿದೆ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಅಂತ ನನಗೆ ಹೆಮ್ಮೆ ಬೇರೆ.

ನರ್ಸರಿಗೆ ಹೋಗಿ ಸ್ಟೂಲಿನ ಮೇಲೆ ಕೂತದ್ದು ನೆನಪಿದೆ. ನಮ್ಮಲ್ಲಿ ಬಹಳ ಕಾಲದಿಂದ ಕೆಲಸಕ್ಕೆ ಬರುವ ಗಿರಿಜ ಏನೋ ಕೇಳಿದಳು. ಉತ್ತರ ಹೇಳಬೇಕು ಅಂದುಕೊಂಡು ಎದ್ದು ನಿಂತೆ. ಅಷ್ಟೆ. ಮುಂದಿನ ಕ್ಷಣ ನನ್ನ ಕೆನ್ನೆ ಒದ್ದೆ ಮಣ್ಣಿನ ಮೇಲಿತ್ತು, ಸಸಿಯ ಎಲೆಯೊಂದು ಕಣ್ಣಿಗೆ ಚುಚ್ಚುತ್ತಿತ್ತು. ರೆಪ್ಪೆ ಮುಚ್ಚುವಷ್ಟೂ ಶಕ್ತಿಯಿರಲಿಲ್ಲ.

"ಅಯ್ಯಯ್ಯೋ, ಸರೋಜಕ್ಕ ಬಿದ್ದೋದ್ಲು ಕಣ್ರೇ!" ಅಂತ ಗಿರಿಜ ಕಿರುಚಿದಳು. ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ದೃಷ್ಟಿ ಆಗೈತೆ ಅಂದರು. ಸಕ್ಕರೆ ನೀರು ಬಾಯಿಗೆ ಬಿಡಲು ಬಂದವರ ಕೈಯನ್ನು ಗಿರಿಜ ತಳ್ಳಿದಳು, "ನೆತ್ತಿಗತ್ತುತ್ತೆ, ಬುಡ್ರೇ" ಅಂತ. ಅವಳು ತಳ್ಳದಿದ್ದರೆ ನನ್ನನ್ನು ಮುಗಿಸಲು ಆ ನೀರೇ ಸಾಕಿತ್ತು.

ಯಜಮಾನರು ಫೋನ್ ಮಾಡಿದ್ದು ನಮ್ಮ ಡಾಕ್ಟ್ರಿಗೆ. ಅವರು ರೋಗಿಗಳನ್ನೆಲ್ಲ ಬಿಟ್ಟು ತಮ್ಮ ಹಳೇ ಕಾರಿನಲ್ಲಿ ಬಂದರು. ಬಿಪಿ ನೋಡಿದರು, ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದರು. "ಲೋಕೇಶ, ಮಾತಾಡೋಕೆ ಟೈಮಿಲ್ಲ. ನನ್ ಕಾರಿಗೇ ಹಾಕು," ಅಂದರು. ಹಿಂದಿನ ಸೀಟಿನಲ್ಲಿ ಗಿರಿಜಳ ತೊಡೆಯ ಮೇಲೆ ನನ್ನ ತಲೆ. ಡಾಕ್ಟ್ರೇ ಕಾರು ಓಡಿಸಿದರು. ಸಕಲೇಶಪುರದವರೆಗೂ ಅವರು ಹಾರನ್ ಮೇಲಿನ ಕೈ ತೆಗೆಯಲಿಲ್ಲ.

ಇಲ್ಲಿಂದ ಮುಂದಿನದು ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಎಲ್ಲರೂ ನನಗೆ ಪ್ರಜ್ಞೆ ತಪ್ಪಿತ್ತು ಅಂದುಕೊಂಡಿದ್ದಾರೆ. ತಪ್ಪಿರಲಿಲ್ಲ. ಕಣ್ಣು ಬಿಡಲಾಗುತ್ತಿರಲಿಲ್ಲ, ನಾಲಗೆ ಹೊರಳುತ್ತಿರಲಿಲ್ಲ, ಬೆರಳು ಎತ್ತಲಾಗುತ್ತಿರಲಿಲ್ಲ. ಆದರೆ ಕಿವಿ ಇತ್ತು. ಎಲ್ಲವೂ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್. ಧ್ವನಿ ಕೇಳಿದರೇ ಗೊತ್ತಾಗುತ್ತಿತ್ತು, ಕೆಲಸದಲ್ಲಿ ಚುರುಕು. ನನ್ನ ಕಾಲ ಕೆಳಗೆ ಏನೋ ಇಟ್ಟು ಎತ್ತರ ಮಾಡಿಸಿದರು, ಕೈಗೆ ಸೂಜಿ ಚುಚ್ಚಿ ಸಲೈನ್ ಹಾಕಿಸಿದರು. ನಮ್ಮ ಡಾಕ್ಟ್ರು ಹೇಳುತ್ತಿದ್ದರು, ಮೂತ್ರದ ಸೋಂಕು ರಕ್ತಕ್ಕೆ ಏರಿರಬೇಕು, ನಾನು ಕೊಟ್ಟ ಔಷಧಿಯನ್ನೇ ನರಕ್ಕೆ ಹಾಕಿದರೆ ಬೇಗ ಹಿಡಿಯುತ್ತದೆ ಅಂತ. ಸಿಸ್ಟರ್ ಒಬ್ಬರು ತರಲು ಹೊರಟರು.

"ಇರಿ ಸಿಸ್ಟರ್," ಅಂದರು ಆ ಹುಡುಗಿ. "ಸೋಂಕು ಏರಿದ್ರೆ ನಾಡಿ ಓಡ್ಬೇಕು ಸಾರ್. ಇವರದು ನಿಧಾನವಾಗಿದೆ. ನಿದ್ದೆ ಮಾತ್ರೆ ತಗೊಂಡ ಹಾಗಿದೆ. ಬೇರೆ ಏನಾದ್ರೂ ತಗೊಳ್ತಿದ್ರಾ?"

"ಬೇರೆ ಏನೂ ಇಲ್ಲ," ಅಂದರು ನಮ್ಮ ಡಾಕ್ಟ್ರು, ಗಟ್ಟಿಯಾಗಿ. "ನಾನೇ ಕೇಳಿದ್ದೀನಲ್ಲ."

ಯಜಮಾನರು ನನ್ನ ತಲೆಯ ಹತ್ತಿರವೇ ನಿಂತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು. ಈಗ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ಆ ಹುಡುಗಿ ಅವರನ್ನೇ ಕೇಳಿದರು, "ನೀವು ಗಂಡ ಅಲ್ವಾ? ಮನೇಲಿ ಏನಾದ್ರೂ ಮಾತ್ರೆ?" ಆಗಲೂ ಸುಮ್ಮನೆ. ನನಗೆ ಎದೆ ಒಡೆದುಹೋಯಿತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮನುಷ್ಯ, ನನಗೆ ತಲೆನೋವು ಬಂದರೆ ತಾವೇ ಕಾಫಿ ಮಾಡಿ ತರುವ ಮನುಷ್ಯ, ನಾನು ಸಾಯುತ್ತಾ ಮಲಗಿರುವಾಗ ಡಾಕ್ಟ್ರಿಗೆ ಬೇಜಾರಾಗುತ್ತದೆ ಅಂತ ಬಾಯಿ ಕಟ್ಟಿಕೊಂಡು ನಿಂತಿದ್ದಾರೆ! ಹೇಳ್ರೀ, ಹೇಳ್ರೀ ಅಂತ ನಾನು ಒಳಗೇ ಕೂಗುತ್ತಿದ್ದೆ. ರಸ್ತೆಯ ಪಿಕಪ್ ನಿಲ್ಲಿಸುವ ನನ್ನ ಗಂಟಲಿಂದ ಒಂದು ಮುಲುಕು ಕೂಡ ಹೊರಡಲಿಲ್ಲ.

"ಹಾಗಾದ್ರೆ ಸಾರ್ ಹೇಳಿದ್ದನ್ನೇ ಹಾಕೋಣವಾ?" ಅಂದರು ಸಿಸ್ಟರ್.

ಆಗ ಯಜಮಾನರ ಧ್ವನಿ ಬಂತು. ಆ ಹುಡುಗಿಗಲ್ಲ, ನಮ್ಮ ಡಾಕ್ಟ್ರಿಗೆ. "ತಪ್ಪಾಯ್ತು ಡಾಕ್ಟ್ರೇ. ನಿಮ್ಗೆ ಹೇಳ್ದೆ ಹಾಸನಕ್ಕೆ ಕರ್ಕಂಡ್ ಹೋಗ್ಬುಟ್ಟಿದ್ದೆ. ಬೇರೆ ಏನೂ ಕಾರಣ ಅಲ್ಲ, ಸ್ಕ್ಯಾನಿಂಗ್ ಬೇಕಾಗ್ತದೇನೋ ಅಂತ. ನಿಮ್ ಮೇಲೆ ನಂಬ್ಕೆ ಇಲ್ಲ ಅಂತ ತಿಳ್ಕಬೇಡಿ..."

ಅಯ್ಯೋ ಶಿವನೇ, ಕ್ಷಮೆ ಆಮೇಲೆ ಕೇಳ್ರೀ, ಮೊದಲು ಮಾತ್ರೆ ಹೆಸರು ಹೇಳ್ರೀ! ಅಂಥ ಹೊತ್ತಿನಲ್ಲೂ ನನಗೆ ಕೋಪವೇ ಬಂತು.

ಹೆಸರು ಅವರಿಗೆ ಗೊತ್ತಿರಲಿಲ್ಲ. "ಬಿಳೀದು, ಚಿಕ್ಕದು, ಸೊಂಟದ್ದು" ಅಂದರು. ಗಿರಿಜ ನರ್ಸರಿಯಲ್ಲಿದ್ದವರಿಗೆ ಫೋನ್ ಮಾಡಿ, ಮನೆಗೆ ಹೋಗಿ ಫ್ರಿಜ್ ಮೇಲಿನ ಬಿಸ್ಕತ್ತಿನ ಡಬ್ಬದಲ್ಲಿರುವ ಮಾತ್ರೆಗಳ ಫೋಟೊ ತೆಗೆದು ಕಳಿಸಿ ಅಂದಳು. ಫೋಟೊ ಬಂತು. ಆ ಹುಡುಗಿ ಫೋನ್ ಕೈಗೆ ತೆಗೆದುಕೊಂಡದ್ದೇ, "ಅಮ್ಮಾ!" ಅಂದುಬಿಟ್ಟರು. ಡಾಕ್ಟರೊಬ್ಬರು ಹಾಗೆ ಅಂದದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ.

"ಸಾರ್, ಟೈಜಾನಿಡಿನ್ ಜೊತೆ ನೀವು ಕೊಟ್ಟಿದ್ದು ಸೇರಲೇಬಾರದು. ಆ ಸೊಂಟದ ಮಾತ್ರೆ ದೇಹದಿಂದ ಹೋಗೋದನ್ನ ನಿಮ್ಮದು ತಡೀತದೆ, ಅದು ಒಳಗೇ ಸೇರ್ಕೊಳ್ತಾ ಹೋಗುತ್ತೆ. ಬಿಪಿ ಬಿದ್ದಿರೋದು ಅದಕ್ಕೇ. ಸಿಸ್ಟರ್, ಎರಡೂ ಬೇಡ, ಎರಡೂ ನಿಲ್ಸಿ!"

ಆಮೇಲೆ ಕುರ್ಚಿ ಎಳೆದ ಸದ್ದು. ನಮ್ಮ ಡಾಕ್ಟ್ರು ಕೂತುಕೊಂಡರು ಅಂತ ಗೊತ್ತಾಯಿತು.

ಬಿಪಿ ಏರುವವರೆಗೆ ಯಾರಿಗೂ ಸಮಾಧಾನವಿರಲಿಲ್ಲ. ನನಗೆ ಗೊತ್ತಿದ್ದದ್ದು ಬಾಯಾರಿಕೆ ಒಂದೇ. ಗಿರಿಜ ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಒತ್ತುತ್ತಿದ್ದಳು, ಆ ಹನಿಯ ರುಚಿ ಇನ್ನೂ ಮರೆತಿಲ್ಲ. ಸಂಜೆಯ ಹೊತ್ತಿಗೆ ರೆಪ್ಪೆ ಎತ್ತಲಾಯಿತು. ಎದುರಿಗೆ ಯಜಮಾನರು, ಮುಖ ಊದಿತ್ತು. "ನೀರು" ಅಂದೆ. ಅದಷ್ಟಕ್ಕೇ ಗಂಡಸು ಹೋ ಅಂತ ಅತ್ತುಬಿಟ್ಟರು. ಪಕ್ಕದ ಹಾಸಿಗೆಯ ಹೆಂಗಸು ಕೇಳದೆಯೇ ತನ್ನ ಗಂಜಿಯಲ್ಲಿ ಅರ್ಧ ಕೊಟ್ಟಳು. ನಮ್ಮ ಡಾಕ್ಟ್ರು ನನಗೆ ಎಚ್ಚರವಾಯಿತು ಅಂತ ತಿಳಿದ ಮೇಲೆ, ಯಾರಿಗೂ ಹೇಳದೆ ಎದ್ದು ಹೋಗಿದ್ದರು.

ಉರಿಮೂತ್ರಕ್ಕೆ ಬೇರೆ ಔಷಧಿ ಕೊಟ್ಟರು, ಗುಣವಾಯಿತು. ಸೊಂಟಕ್ಕೆ ಹಾಸನದವರು ಎಲ್ಲವನ್ನೂ ಕೇಳಿ ತಿಳಿದುಕೊಂಡು ವ್ಯಾಯಾಮ ಹೇಳಿಕೊಟ್ಟರು. ಬಹಳ ನೋವಾದ ದಿನಕ್ಕೆ ಅಂತ ಅದೇ ಬಿಳಿ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದರು. ಈಗಲೂ ಬೇಕಾದಾಗ ತೆಗೆದುಕೊಳ್ಳುತ್ತೇನೆ. ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ಅದರ ಸ್ಟ್ರಿಪ್ಪನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ, ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ಮೇಜಿನ ಮೇಲೆ ಇಡುತ್ತೇನೆ.

ಸಿಟ್ಟಿದ್ದದ್ದು ಯಜಮಾನರ ಮೇಲೆ. ಮನೆಗೆ ಬಂದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ, "ಅಷ್ಟ್ ಹೊತ್ತು ಯಾಕ್ರೀ ಸುಮ್ನಿದ್ರಿ?"

"ಯಾವಾಗ? ಕೇಳಿದ್ ತಕ್ಷಣ ಹೇಳ್ದ್ನಲ್ಲೇ," ಅಂದರು.

ನಾಟಕವಲ್ಲ, ಅವರು ನಿಜವಾಗಿಯೂ ಹಾಗೇ ನಂಬಿದ್ದರು. ನಾನು ದಂಗಾಗಿ ಹೋದೆ. ಕೇಳಿದ್ದು ನನ್ನ ಕಿವಿಯಲ್ಲವೇ? ಅಥವಾ ಔಷಧಿಯ ಅಮಲಿನಲ್ಲಿ ಒಂದು ಕ್ಷಣ ನನಗೆ ಅಷ್ಟು ಉದ್ದವಾಯಿತೇ? ಅವರನ್ನು ನೋಡಿದಾಗಲೆಲ್ಲ ಇದೇ ಕೊರೆಯುತ್ತಿತ್ತು. ಅವರೋ, ಡಾಕ್ಟ್ರ ಮುಖ ನೋಡಲಾರದೆ ಕ್ಲಿನಿಕ್ಕಿನ ರಸ್ತೆ ಬಿಟ್ಟು ಸುತ್ತಿ ಬಳಸಿ ಓಡಾಡುತ್ತಿದ್ದರು. ಕೊನೆಗೆ ನಾನೇ ಹಟ ಹಿಡಿದು ಬೈಕಿನಲ್ಲಿ ಕರೆದುಕೊಂಡು ಹೋಗಿ ಅಂದೆ. ಬಂದರು, ಆದರೆ ಒಳಗೆ ಬರಲಿಲ್ಲ. ನಾನೊಬ್ಬಳೇ ಹೋದೆ.

ಡಾಕ್ಟ್ರು ನನ್ನನ್ನು ನೋಡಿ ಎದ್ದು ನಿಂತುಬಿಟ್ಟರು. "ಬಾಮ್ಮ, ಬಾ," ಅಂದರು. ನಾಡಿ ಹಿಡಿದರು, ಕೈ ಬಿಡಲಿಲ್ಲ. ಈ ಸಲ ಕ್ಯಾಲೆಂಡರ್ ನೋಡದೆ ಅವರ ಮುಖವನ್ನೇ ನೋಡಿ ಕೇಳಿದೆ, "ಡಾಕ್ಟ್ರೇ, ಅವತ್ತು ನಮ್ಮೆಜಮಾನ್ರು ಕೇಳಿದ್ ತಕ್ಷಣ ಹೇಳಿದ್ರಾ?"

"ಇಲ್ಲಮ್ಮ," ಅಂದರು. "ತಡ ಮಾಡ್ದ. ಆದ್ರೆ ಅವನನ್ನ ಬೈಬೇಡ. ನಾನೂ ಒಂದು ಹೇಳ್ಬೇಕು ನಿಂಗೆ. ನೀನು ಜ್ವರ ಅಂತ ಬಂದ್ಯಲ್ಲ, ಹೊಟ್ಟೆ ಮುಟ್ಟಿ ನೋಡುವಾಗ ಸೊಂಟಕ್ಕೆ ಬೆಲ್ಟ್ ಇತ್ತು. ಹಾಸನದಲ್ಲಿ ತೋರ್ಸಿದಾರೆ, ಏನೋ ಮಾತ್ರೆ ನಡೀತಿದೆ ಅಂತ ಅವಾಗ್ಲೇ ಗೊತ್ತಾಯ್ತು ನಂಗೆ."

"ಗೊತ್ತಾಯ್ತಾ?"

"ನೇರವಾಗಿ ಕೇಳಿದ್ರೆ ಲೋಕೇಶನಿಗೆ ಮುಖ ಎತ್ತೋಕಾಗಲ್ಲ ಅಂತ, 'ಬೇರೆ ಏನೂ ಇಲ್ಲ ತಾನೆ' ಅಂದೆ. ಇಲ್ಲ ಅಂದ. ಬಿಟ್ಬಿಟ್ಟೆ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಅವನ ಆ 'ಇಲ್ಲ'ವನ್ನ ನಾನೇ ನಂಬಿಬಿಟ್ಟಿದ್ದೆ ಕಣಮ್ಮ."

ನಾನು ಹೊರಗೆ ಬಂದಾಗ ಯಜಮಾನರು ಬೈಕಿನ ಮೇಲೆ ಕೂತು ನೆಲ ನೋಡುತ್ತಿದ್ದರು. "ಏನಂದ್ರು? ಬೇಜಾರ್ ಮಾಡ್ಕಂಡ್ರಾ?" ಅಂದರು.

"ಹಾಸನದ್ದು ಅವ್ರಿಗೆ ನಾವು ಜ್ವರಕ್ಕೆ ಬಂದ್ ದಿನಾನೇ ಗೊತ್ತಿತ್ತಂತೆ. ನಿಮ್ಗೆ ಮುಜುಗರ ಆಗ್ತದೆ ಅಂತ ಕೇಳ್ಲಿಲ್ವಂತೆ."

ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಕ್ಲಿನಿಕ್ಕಿನ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, ನನ್ನ ಹಳೇ ಗಂಟಲಿನಲ್ಲೇ ಹೇಳಿದೆ:

"ಅವ್ರಿಗೆ ಬೇಜಾರಾಗ್ಬಾರ್ದು ಅಂತ ನೀವು, ನಿಮ್ಗೆ ಬೇಜಾರಾಗ್ಬಾರ್ದು ಅಂತ ಅವ್ರು, ಇಬ್ರಿಗೂ ಬೇಜಾರಾಗ್ಬಾರ್ದು ಅಂತ ನಾನು. ಯಾರ್ಗೂ ಬೇಜಾರಾಗ್ದಂಗೆ ಮೂರೂ ಜನ ಸೇರ್ಕಂಡು ನನ್ನ ಸಾಯಿಸ್ಬುಡ್ತಿದ್ವಲ್ರೀ!"

ಯಜಮಾನರು ಬೈಕಿನಿಂದ ಇಳಿದರು. ಚಪ್ಪಲಿ ಬಿಟ್ಟು, ಡಾಕ್ಟ್ರ ಕೋಣೆಯೊಳಗೆ ಹೋದರು.